ಅಕ್ಷರದಿಂದ ಅರ್ಥದೆಡೆಗೆ

ವರ್ಣಮಾಲೆಯ 49 ಅಕ್ಷರಗಳನ್ನು ತಡೆಯಿಲ್ಲದೆ ಒಪ್ಪಿಸುವ ಬಾಲಕನು ಎದುರಿಗಿರುವ ಪದವನ್ನು ಓದಲಾರದೆ ತಡವರಿಸುವುದುಂಟು. ಬಾಯಿಪಾಠವು ಓದಲ್ಲ. ಆದುದರಿಂದಲೇ ಕನ್ನಡ ಶಾಲೆಗಳಲ್ಲಿ ‘ರ, ಗ, ಸ, ದ, ಅ’ ಎಂಬ ಕ್ರಮವು ರೂಢಿಗೆ ಬಂದಿತು. ಈ ಐದೇ ಅಕ್ಷರಗಳಿಂದ ಅರಸ, ಅಗಸ, ಗರಗಸ, ಗದಗ ಎಂಬ ಸಾರ್ಥಕ ಪದಗಳು ಮಗುವಿಗೆ ದಕ್ಕುತ್ತವೆ.

ಮುಂದಿನ ಮೆಟ್ಟಿಲುಗಳಿಗೆ ಮೇಲವಂಕಿಯ ಗುರುಗಳು ದೂರ ಹೋಗಬೇಕಾಗಿಲ್ಲ. ಗುಣಿತಾಕ್ಷರಕ್ಕೆ ಗೋಕಾಕ, ಮೂಡಲಗಿ, ಅನುಸ್ವಾರಕ್ಕೆ ಮೇಲವಂಕಿ, ಸಜಾತೀಯ ಒತ್ತಕ್ಷರಕ್ಕೆ ಹುಕ್ಕೇರಿ, ಮಹಾಪ್ರಾಣಕ್ಕೂ ವಿಜಾತೀಯ ಒತ್ತಕ್ಷರಕ್ಕೂ ಘಟಪ್ರಭಾ.

ಶಬ್ದಸಂಪತ್ತೂ ಹೀಗೆಯೇ ಬೆಳೆಯಬೇಕು. ರೈತನ ಮಗುವು ರಂಟೆ, ಕುಂಟೆ, ಕೂರಿಗೆಗಳನ್ನು ಬಲ್ಲದು. ಆ ಮನೆಮಾತನ್ನು ಅಶುದ್ಧವೆಂದು ಗದರಿದರೆ ಮಗು ಬಾಯಿ ಮುಚ್ಚುತ್ತದೆ. ರಂಟೆಯ ಪಕ್ಕದಲ್ಲಿ ನೇಗಿಲೆಂದು ಬರೆದು ತೋರಿಸಿದರೆ ಒಂದು ಪದವಿದ್ದಲ್ಲಿ ಎರಡಾಗುತ್ತವೆ. ಓದು ಕೈಗೂಡದ ಮಗುವಿಗೆ ಮುಂದಿನ ವಿದ್ಯೆಗಳೆಲ್ಲ ಮುಚ್ಚಿದ ಬಾಗಿಲುಗಳೇ. ಒಂದನೆಯ ತರಗತಿಯ ಗುರುವಿನ ಹೊಣೆಯು ಆದ್ದರಿಂದಲೇ ಹಿರಿದಾದುದು.