ಮೂರು ಮಿಲಿಮೀಟರ್‌ಗೆ ತಲೆ ಕೆಡಿಸಿಕೊಳ್ಳಬೇಡಿ

ಮನೆಯಲ್ಲಿ ಪುಟಾಣಿ ರೈಲು ಕಟ್ಟಲು ಹೊರಟವರು ಮೊದಲು ಗೊಂದಲಕ್ಕೆ ಬೀಳುವುದು ಹಳಿಯ ಅಳತೆಯಲ್ಲೇ. ಸುಲಭವಾಗಿ ಸಿಗುವ ಎಚ್‌ಒ ಎಂಬ ಮಾದರಿ ಹಳಿಯ ಅಗಲ 16.5 ಮಿ.ಮೀ.; 1:87ರ ಲೆಕ್ಕದಲ್ಲಿ ಅದು 1,435 ಮಿ.ಮೀ. ಗೇಜಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ., ಅಂದರೆ ಮಾದರಿಯಲ್ಲಿ ಸುಮಾರು 19.3 ಇರಬೇಕು. ಹಾಗಾದರೆ 16.5ರ ಹಳಿಯ ಮೇಲೆ ನಮ್ಮ ರೈಲು ಓಡಿಸುವುದು ಸುಳ್ಳಲ್ಲವೇ ಎನ್ನಬಹುದು. ಸುಳ್ಳೇ, ಆದರೆ ಸಣ್ಣ ಸುಳ್ಳು. ಬ್ರಿಟನ್ನಿನವರು 1:76.2ರ ಬೋಗಿಗಳನ್ನು ಇದೇ ಹಳಿಯ ಮೇಲೆ ದಶಕಗಳಿಂದ ಓಡಿಸುತ್ತಿದ್ದಾರೆ. ಅಲ್ಲಿ ಇರಬೇಕಾದದ್ದು 18.83. ಹವ್ಯಾಸವೇನೂ ಸೊರಗಿಲ್ಲ. (ಹಟಮಾರಿಗಳು ಅಲ್ಲೂ ಇದ್ದಾರೆ, ಸರಿಯಳತೆಯ ಹಳಿಯನ್ನು ಕೈಯಾರೆ ಕಟ್ಟಿಕೊಳ್ಳುತ್ತಾರೆ!) ಪಕ್ಕದಿಂದ ನೋಡುವವರಿಗೆ ಈ ಕೊರತೆ ಕಾಣುವುದೇ ಇಲ್ಲ. ಆದರೆ ಕರೆಂಟು ಹಳಿಯಿಂದ ಚಕ್ರಕ್ಕೆ ಹರಿಯುವುದರಿಂದ, ಸಡಿಲವಾದ ಜೋಡಣೆ ಅಥವಾ ಧೂಳು ಹಿಡಿದ ಹಳಿ ಎಂಜಿನ್ನನ್ನು ತಟ್ಟನೆ ನಿಲ್ಲಿಸಿಬಿಡುತ್ತದೆ. ಮೊದಲು ಹಳಿಯನ್ನು ಸಮನಾಗಿ ಕೂರಿಸಿ, ಒರೆಸಿಡಿ. ಗೇಜಿನ ಚಿಂತೆ ಆಮೇಲಿರಲಿ.