ಪ್ಯಾಕಿಂಗ್ ಹಾಳೆಯ ಬೆಲೆ ಮತ್ತು ಹಬೆ ಸೋರಿಕೆಯ ವೆಚ್ಚ

ಉಡುಪಿ ಜಿಲ್ಲೆಯ ಅನೇಕ ಸಣ್ಣ ಉದ್ಯಮಗಳು ಹಬೆಯನ್ನು ಅವಲಂಬಿಸಿವೆ. ಕಾರ್ಕಳ ಮತ್ತು ಕಾಪು ಪರಿಸರದ ಗೇರುಬೀಜ ಕಾರ್ಖಾನೆಗಳಲ್ಲಿ ಕಚ್ಚಾ ಬೀಜ, ಕುಚ್ಚಲಕ್ಕಿ ಗಿರಣಿಗಳಲ್ಲಿ ಭತ್ತ, ಉಡುಪಿಯ ದೊಡ್ಡ ಅಡುಗೆಮನೆಗಳಲ್ಲಿ ಇಡ್ಲಿ ಬೇಯುವುದು ಹಬೆಯಿಂದಲೇ. ಹಬೆಯ ಕೊಳವೆಗಳು ಕೂಡುವೆಡೆಯಲ್ಲಿ ಎರಡು ಫ್ಲಾಂಜ್‌ಗಳ ನಡುವೆ ಇಡುವ ಗ್ಯಾಸ್ಕೆಟ್, ಅಂದರೆ ಅಂಗಡಿಯ ಮಾತಿನಲ್ಲಿ 'ಪ್ಯಾಕಿಂಗ್', ಲೆಕ್ಕಪುಸ್ತಕದಲ್ಲಿ ಬಿಡಿಭಾಗಗಳ ಖಾತೆಯ ಅತಿ ಚಿಕ್ಕ ಬಾಬತ್ತು. ಆದ್ದರಿಂದಲೇ ಅದನ್ನು ಬಹುತೇಕ ಬೆಲೆಯೊಂದನ್ನೇ ನೋಡಿ ಕೊಳ್ಳಲಾಗುತ್ತದೆ. ಈ ಉಳಿತಾಯ ನಿಜವಾದುದೇ ಎಂಬುದು ವಿಚಾರಾರ್ಹ.

ಸೋರಿಕೆಯ ಲೆಕ್ಕ

7 ಕೆ.ಜಿ. ಒತ್ತಡದ ಕೊಳವೆಯಲ್ಲಿ 3 ಮಿ.ಮೀ. ವ್ಯಾಸದ ರಂಧ್ರದಿಂದ ಗಂಟೆಗೆ ಸುಮಾರು 20 ಕೆ.ಜಿ.ಗೂ ಹೆಚ್ಚು ಹಬೆ ಹೊರಹೋಗುತ್ತದೆ. ದಿನಕ್ಕೆ 10 ಗಂಟೆ ಕೆಲಸವೆಂದರೆ ನಷ್ಟ 200 ಕೆ.ಜಿ. ಒಂದು ಕೆ.ಜಿ. ಸೌದೆಯಿಂದ ಅಂದಾಜು 3 ಕೆ.ಜಿ. ಹಬೆ ಎಂದು ಹಿಡಿದರೆ ದಿನಕ್ಕೆ 67 ಕೆ.ಜಿ., 25 ದಿನಗಳ ತಿಂಗಳಿಗೆ ಸುಮಾರು 1,670 ಕೆ.ಜಿ. ಸೌದೆ ವ್ಯರ್ಥ. ಸೌದೆಗೆ ಕೆ.ಜಿ.ಗೆ ರೂ. 5 ಎಂದು ಉದಾಹರಣೆಗೆ ಇಟ್ಟುಕೊಂಡರೂ ತಿಂಗಳಿಗೆ ರೂ. 8,300ಕ್ಕೂ ಮಿಕ್ಕಿದ ನಷ್ಟವಾಗುತ್ತದೆ. ಈ ಮೊತ್ತ ಬಿಡಿಭಾಗಗಳ ಖಾತೆಯಲ್ಲಿ ಕಾಣುವುದಿಲ್ಲ. ಇಂಧನದ ಖಾತೆಯಲ್ಲಿ ಅಡಗಿರುತ್ತದೆ.

ಯಾವ ಜಾಗಕ್ಕೆ ಯಾವ ವಸ್ತು?

ನೈಸರ್ಗಿಕ ರಬ್ಬರು ತಣ್ಣೀರಿಗೆ ಯೋಗ್ಯ. ಎಣ್ಣೆ ತಗಲಿದರೆ ಉಬ್ಬುತ್ತದೆ. ಎಣ್ಣೆಗೆ ನೈಟ್ರೈಲ್ ರಬ್ಬರು, ಬಿಸಿನೀರಿಗೆ ಇಪಿಡಿಎಂ ಸೂಕ್ತ. ಮಣಿಪಾಲದಂತಹ ವೈದ್ಯಕೀಯ ಕೇಂದ್ರಗಳಲ್ಲಿ ಉಪಕರಣಗಳನ್ನು ಕ್ರಿಮಿರಹಿತಗೊಳಿಸುವ ಆಟೋಕ್ಲೇವ್‌ಗಳ ಬಾಗಿಲಿಗೆ ಸಾಮಾನ್ಯವಾಗಿ ಸಿಲಿಕೋನ್ ರಬ್ಬರು ಬಳಸುತ್ತಾರೆ. ಟೆಫ್ಲಾನ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ ಹಾಗೂ ಬಹುತೇಕ ಎಲ್ಲ ಆಮ್ಲಗಳಿಗೂ ಜಗ್ಗದು. ಆದರೆ ನಿರಂತರ ಒತ್ತಡದಲ್ಲಿ ನಿಧಾನವಾಗಿ ಹರಡಿ ಸಡಿಲಗೊಳ್ಳುತ್ತದೆ.

ಗ್ರಾಫೈಟ್ ಹಾಳೆಯ ರೀತಿ ಬೇರೆ. ಪದರಪದರವಾದ ನೈಸರ್ಗಿಕ ಗ್ರಾಫೈಟನ್ನು ಆಮ್ಲದಿಂದ ಸಂಸ್ಕರಿಸಿ ಒಮ್ಮೆಲೇ ತೀವ್ರವಾಗಿ ಕಾಯಿಸಿದಾಗ ಅದು ನೂರಾರು ಪಟ್ಟು ಅರಳುತ್ತದೆ. ಅದನ್ನು ಯಾವುದೇ ಅಂಟಿಲ್ಲದೆ ಒತ್ತಿ ಹಾಳೆ ಮಾಡಲಾಗುತ್ತದೆ. ಅಂಟು ಇಲ್ಲದ್ದರಿಂದ ಶಾಖಕ್ಕೆ ಗಡುಸಾಗಿ ಬಿರಿಯುವುದಿಲ್ಲ. ಬೆಳಿಗ್ಗೆ ಕಾದು ರಾತ್ರಿ ತಣಿಯುವ ಬಾಯ್ಲರಿನ ಕೂಡುಗಳಿಗೆ ಈ ಗುಣವೇ ಮುಖ್ಯ. ಆದರೆ ಸುಮಾರು 450 ಡಿಗ್ರಿಯ ಮೇಲೆ ಗಾಳಿ ತಗಲಿದರೆ ಅದು ಕ್ರಮೇಣ ಸವೆಯುತ್ತದೆ. ನೈಟ್ರಿಕ್ ಆಮ್ಲಕ್ಕೆ ಸಲ್ಲದು.

ಎಲ್ಲೆಡೆಯೂ ಗ್ರಾಫೈಟೇ ಬೇಕೆಂದಲ್ಲ. 10 ಕೆ.ಜಿ. ಒತ್ತಡದ ಹಬೆಯ ಉಷ್ಣತೆ ಸುಮಾರು 184 ಡಿಗ್ರಿ ಮಾತ್ರ. ಕಾಪು ತಾಲೂಕಿನ ಎಲ್ಲೂರಿನಲ್ಲಿರುವ 1,200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಅಗತ್ಯಕ್ಕೂ ಗೇರುಬೀಜ ಕಾರ್ಖಾನೆಯ ಅಗತ್ಯಕ್ಕೂ ಒಂದೇ ಅಳತೆಗೋಲು ಹಿಡಿಯಲಾಗದು. ಬಾಯ್ಲರಿನ ಮುಖ್ಯ ಕೂಡುಗಳಿಗೆ ಉಕ್ಕಿನ ತಗಡು ಒಳಗಿರುವ ಗ್ರಾಫೈಟ್, ಕಡಿಮೆ ಒತ್ತಡದ ಕವಲುಗಳಿಗೆ ಕಲ್ನಾರುರಹಿತ ಹಾಳೆ ಎಂಬ ವಿಂಗಡಣೆ ಮಿತವ್ಯಯಕರ.

ಕಲ್ನಾರಿನ ಹೊಣೆ

ಹಳೆಯ ಕಲ್ನಾರು ಹಾಳೆ ಅಗ್ಗ ಎಂಬುದೂ ಅರ್ಧಸತ್ಯ. ಅದನ್ನು ಕತ್ತರಿಸುವಾಗ, ಕೆರೆದು ತೆಗೆಯುವಾಗ ಏಳುವ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಕಲ್ನಾರು ಕೈಗಾರಿಕೆಗಳು ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಸೇವೆಯ ಆರಂಭದಿಂದ 40 ವರ್ಷ ಅಥವಾ ಸೇವೆ ಮುಗಿದ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ನಂತರವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಆದೇಶಿಸಿತು. ರೋಗ ಪ್ರಕಟವಾಗಲು ದಶಕಗಳೇ ಹಿಡಿಯುತ್ತವೆ ಎಂಬುದಕ್ಕೆ ಈ ಅವಧಿಯೇ ಸಾಕ್ಷಿ. ಇಂತಹ ಹೊಣೆಯನ್ನು ಯಾವ ಬಿಲ್ಲೂ ತೋರಿಸುವುದಿಲ್ಲ.

ಪಾಲಿಸಬೇಕಾದ ಕ್ರಮಗಳು

1. ಪ್ರತಿ ಕೂಡಿಗೂ ಸಂಖ್ಯೆ ಕೊಟ್ಟು ಒತ್ತಡ, ಉಷ್ಣತೆ, ದ್ರವ, ಬದಲಿಸಿದ ದಿನಾಂಕಗಳನ್ನು ನಮೂದಿಸುವುದು.

2. ಖರೀದಿ ಆದೇಶದಲ್ಲಿ 'ಪ್ಯಾಕಿಂಗ್ ಹಾಳೆ' ಎಂದಷ್ಟೇ ಬರೆಯದೆ ವಸ್ತು, ದಪ್ಪ, ದರ್ಜೆಗಳನ್ನು ಸ್ಪಷ್ಟಪಡಿಸುವುದು.

3. ಬಿಚ್ಚಿದ ಗ್ಯಾಸ್ಕೆಟನ್ನು ಮತ್ತೆ ಬಳಸದಿರುವುದು. ಬೋಲ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿಯುವುದು.

4. ಪ್ರತಿ ತಿಂಗಳೂ ಉತ್ಪಾದನೆಯ ಪ್ರತಿ ಕ್ವಿಂಟಾಲಿಗೆ ಖರ್ಚಾದ ಇಂಧನವನ್ನು ತಾಳೆ ನೋಡುವುದು.

ಕೊನೆಯ ಅಂಕಿ ಕಾರಣವಿಲ್ಲದೆ ಏರಿದರೆ ಸೌದೆಯ ದರದೊಡನೆ ಕೊಳವೆಯ ಕೂಡುಗಳನ್ನೂ ಪರಿಶೀಲಿಸುವುದು ಲೇಸು.