ಬಾವಿ ಈಜಿನವರು ಕಡಲಿಗಿಳಿಯುವ ಮುನ್ನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹುಡುಗರಿಗೆ ಈಜು ಕಲಿಸಿದ್ದು ಹೊಲದ ಬಾವಿ. ನಡುವಿಗೆ ಒಣ ಸೋರೆಬುರುಡೆಯನ್ನೋ ಹಳೇ ಟ್ಯೂಬನ್ನೋ ಕಟ್ಟಿ ದೊಡ್ಡವರು ನೀರಿಗೆ ತಳ್ಳಿದರೆಂದರೆ, ಬೇಸಿಗೆ ಮುಗಿಯುವುದರೊಳಗೆ ದಂಡೆಯ ಮೇಲಿಂದ ಜಿಗಿಯುವಷ್ಟು ಧೈರ್ಯ ಬಂದಿರುತ್ತದೆ. ಗೋಕರ್ಣದ ಬಂಡೆಗಳ ನಡುವಿನ ಪುಟ್ಟ ಕಡಲತೀರಗಳಲ್ಲಿ ಕೈಕೊಡುವುದೂ ಇದೇ ಧೈರ್ಯ. ಬಾವಿಯಲ್ಲಿ ನೀರು ನಿಂತಿರುತ್ತದೆ, ನಾಲ್ಕು ಕೈ ಹೊಡೆದರೆ ಮೆಟ್ಟಿಲು ಸಿಗುತ್ತದೆ. ಕಡಲಲ್ಲಿ ನೀರೇ ಆಳನ್ನು ಎತ್ತಿಕೊಂಡು ನಡೆಯುತ್ತದೆ.

ಹಾಗಂತ ಹೋಗಬೇಡಿ ಎನ್ನುವುದಿಲ್ಲ. ಗೋಕರ್ಣದಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಸಾಲಾಗಿ ತೀರಗಳಿವೆ. ಎರಡು ಬದಿ ಬಂಡೆಗುಡ್ಡ, ನಡುವೆ ಚೂರು ಮರಳು ಇರುವ ಜಾಗ ಬೇಕೆಂದರೆ ಹಾಫ್ ಮೂನ್. ಅಲ್ಲಿಗೆ ವಾಹನದ ದಾರಿಯಿಲ್ಲ, ನಡೆಯಬೇಕು ಇಲ್ಲವೇ ದೋಣಿ ಹಿಡಿಯಬೇಕು.

ದಿನ ಗೊತ್ತು ಮಾಡುವಾಗ

ಜೂನ್‌ನಿಂದ ಸೆಪ್ಟೆಂಬರ್ ತನಕ ನೀರಿಗಿಳಿಯುವ ಮಾತೇ ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಶಿವರಾತ್ರಿಯ ಸುತ್ತಮುತ್ತ ಊರು ಕಿಕ್ಕಿರಿಯುತ್ತದೆ, ಮಹಾಬಲೇಶ್ವರನ ದರ್ಶನಕ್ಕೆ ಹೋಗುವವರಷ್ಟೇ ಹೋಗಲಿ.

ಕಡಲಿನ ಏರಿಳಿತದ ಲೆಕ್ಕಕ್ಕೆ ಮನೆಯ ಗೋಡೆಯ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ–ಇಳಿತ ಜೋರು. ಅಷ್ಟಮಿ, ನವಮಿಯ ಹೊತ್ತಿಗೆ ತಗ್ಗುತ್ತದೆ. ಮೊದಲ ಸಲ ಹೋಗುವವರು ಅಷ್ಟಮಿಯ ವಾರವನ್ನೇ ಆರಿಸಿಕೊಳ್ಳಿ. ಭರತ ದಿನಕ್ಕೆ ಎರಡು ಬಾರಿ ಬರುತ್ತದೆ, ಮರುದಿನ ಸುಮಾರು 50 ನಿಮಿಷ ತಡವಾಗಿ. ಆ ದಿನದ ವೇಳೆಯನ್ನು ದೋಣಿಯವರು ಬಾಯಲ್ಲೇ ಹೇಳುತ್ತಾರೆ.

ದಾರಿ

ಹರಪನಹಳ್ಳಿ, ಕೊಟ್ಟೂರಿನವರಿಗೆ ಹರಿಹರ, ಹಾವೇರಿ, ಶಿರಸಿ, ಕುಮಟಾ ದಾರಿ ಹತ್ತಿರ. ಹಡಗಲಿಯವರು ಮುಂಡರಗಿ, ಗದಗದ ಮೇಲೆ ಹುಬ್ಬಳ್ಳಿಗೆ ಬಂದು ಯಲ್ಲಾಪುರ, ಅಂಕೋಲಾ ಹಿಡಿಯಬಹುದು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯವರು ಹೊಸಪೇಟೆಯ ಮೇಲೆ ಹುಬ್ಬಳ್ಳಿಗೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾತಿನಲ್ಲಷ್ಟೇ ಓಡುತ್ತಿರುವುದರಿಂದ ಘಟ್ಟ ಇಳಿಯಲು ಬಸ್ಸೇ ಗತಿ. ಸಾರಿಗೆ ಸಂಸ್ಥೆಯ ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಅನ್ವಯಿಸುತ್ತದೆ, ಆಧಾರ್ ಮರೆಯಬೇಡಿ. ರಾತ್ರಿ ಪ್ರಯಾಣ ಮಾಡಿ ನಿದ್ದೆಗಣ್ಣಲ್ಲಿ ನೇರ ನೀರಿಗಿಳಿಯುವ ಲೆಕ್ಕಾಚಾರ ಮಾತ್ರ ಬೇಡ. ಒಂದು ರಾತ್ರಿ ಗೋಕರ್ಣದಲ್ಲಿ ತಂಗಿ, ಬೆಳಿಗ್ಗೆ ಹೊರಡಿ.

ಗೋಕರ್ಣದಿಂದ ಓಂ ಬೀಚಿನ ತಲೆಯವರೆಗೆ ಆಟೊ ಸಿಗುತ್ತದೆ. ಮೆಟ್ಟಿಲಿಳಿದು ತೀರದ ದಕ್ಷಿಣ ತುದಿಗೆ ನಡೆದರೆ ಹಾಫ್ ಮೂನ್‌ಗೆ ಹೋಗುವ ಗುಡ್ಡದ ಕಾಲುದಾರಿ ಶುರುವಾಗುತ್ತದೆ. ಅರ್ಧ ಗಂಟೆಯೊಳಗಿನ ನಡಿಗೆ, ಆದರೆ ಒಂದು ಕಡೆ ಕೆಳಗೆ ಕಡಲಿರುವುದರಿಂದ ಹವಾಯಿ ಚಪ್ಪಲಿ ನಂಬುವಂತಿಲ್ಲ, ಹಿಂದೆ ಪಟ್ಟಿ ಇರುವ ಚಪ್ಪಲಿ ಇರಲಿ. ತಲೆಗೆ ಎರಡು ಲೀಟರ್ ನೀರು, ತಿನ್ನಲು ಏನಾದರೂ ಕಟ್ಟಿಕೊಳ್ಳಿ. ಅಲ್ಲಿ ಅಂಗಡಿ ತೆರೆದೇ ಇರುತ್ತದೆನ್ನಲು ಬರುವುದಿಲ್ಲ. ನಮ್ಮ ರೊಟ್ಟಿ, ಶೇಂಗಾ ಚಟ್ನಿಪುಡಿಗಿಂತ ಒಳ್ಳೆಯ ಬುತ್ತಿ ಇದಕ್ಕೆ ಯಾವುದೂ ಇಲ್ಲ.

ನೀರಿಗಿಳಿಯುವಾಗ

ತಲುಪಿದ ಕೂಡಲೇ ಇಳಿಯಬೇಡಿ. ಕಾಲು ಗಂಟೆ ಕೂತು ಅಲೆ ನೋಡಿ. ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಸಣ್ಣವು ಹಲವು ಬಂದು, ನಡುವೆ ನಾಲ್ಕೈದು ದೊಡ್ಡವು ಒಟ್ಟಿಗೆ ಬರುತ್ತವೆ. ಬಂಡೆಯ ಮೇಲೆ ಫೋಟೊಗೆ ನಿಂತವರನ್ನು ಎಳೆದೊಯ್ಯುವುದು ಆ ದೊಡ್ಡವೇ. ಬಂಡೆಯ ಒಣಗಿದ ಭಾಗ, ಒದ್ದೆ ಭಾಗ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ. ಒದ್ದೆಯಿದ್ದಲ್ಲಿ ಕಾಲಿಡಬೇಡಿ: ಅದು ಅಲೆ ಮುಟ್ಟುವ ಜಾಗ, ಪಾಚಿಯೂ ಅಲ್ಲೇ, ಅಂಗಾಲು ಸೀಳುವ ಚಿಪ್ಪುಗಳೂ ಅಲ್ಲೇ.

ಆಮೇಲೆ, ಅಲೆ ಮುರಿಯದೆ ಶಾಂತವಾಗಿ ಕಾಣುವ ಪಟ್ಟಿಯೊಂದು ಇದೆಯೇ ನೋಡಿ. ಕೆರೆ, ಬಾವಿಯ ಕಣ್ಣಿಗೆ ಅದೇ ಸುರಕ್ಷಿತ ಜಾಗ. ನಿಜವೆಂದರೆ ದಡಕ್ಕೆ ಬಂದ ನೀರು ವಾಪಸು ಕಡಲಿಗೆ ಹರಿಯುವ ದಾರಿ ಅದು, ನೊರೆ, ಮರಳು ಕಡಲಿನತ್ತ ಸಾಗುವುದರಿಂದ ಗುರುತು ಹತ್ತುತ್ತದೆ. ಇಂಥ ಸೆಳೆತ ಎಷ್ಟೋ ಸಲ ಬಂಡೆಯ ಪಕ್ಕದಲ್ಲೇ ಇರುತ್ತದೆ. ಹಾಗಾಗಿ ಬಂಡೆಗಳಿಂದ ದೂರ, ನಡುಭಾಗದಲ್ಲಿ, ಸಣ್ಣ ಅಲೆ ಮುರಿಯುವಲ್ಲಿ ಸೊಂಟದ ಮಟ್ಟದವರೆಗೆ ಮಾತ್ರ ಇಳಿಯಿರಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಎದುರೀಜಬೇಡಿ, ರಟ್ಟೆ ಸೋಲುವುದಷ್ಟೇ. ಮಲಗಿ ತೇಲಿ, ಉಪ್ಪು ನೀರು ಬಾವಿ ನೀರಿಗಿಂತ ಚೆನ್ನಾಗಿ ತೇಲಿಸುತ್ತದೆ. ಒಂದು ಕೈ ಎತ್ತಿ ಕೂಗಿ, ಅಲೆ ಮುರಿಯುವ ಕಡೆಗೆ ಅಡ್ಡಲಾಗಿ ಸರಿಯಿರಿ.

ಮೇಲಿಂದ ಜಿಗಿಯುವುದನ್ನು ಬಾವಿಗೇ ಬಿಡಿ. ಮೆಡಿಟರೇನಿಯನ್ ದ್ವೀಪಗಳಲ್ಲಿ ಬಂಡೆಯಿಂದ ನೀಲಿ ನೀರಿಗೆ ಹಾರುವ ರೀಲ್‌ಗಳನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿ ನೀರು ತಿಳಿ, ಭರತ–ಇಳಿತ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಕಡಲು ಆಳೆತ್ತರದಷ್ಟು ಏರಿಳಿಯುತ್ತದೆ, ನೀರು ಕಲಕಿರುತ್ತದೆ. ಬೆಳಿಗ್ಗೆ ಆಳವಿದ್ದಲ್ಲಿ ಮಧ್ಯಾಹ್ನ ಕಲ್ಲು ಮೇಲೆದ್ದಿರಬಹುದು.

ಓಂ ಬೀಚಿನಲ್ಲಿ ಜೀವರಕ್ಷಕ ಸಿಬ್ಬಂದಿ ಇರುತ್ತಾರೆ. ಹಾಫ್ ಮೂನ್‌ನಲ್ಲಿ ಇರುತ್ತಾರೆಂದು ನಂಬಿ ಇಳಿಯಬೇಡಿ. ಈಜು ಬಾರದವರು, ಮಕ್ಕಳು ಓಂನಲ್ಲೇ ಆಡಲಿ. ಶಾಲೆಯ ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳಿಗಂತೂ ನೀರಾಟವೇ ಬೇಡವೆಂದು ಹೇಳುತ್ತೇನೆ: 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಮುಳಬಾಗಿಲು ಕಡೆಯಿಂದ ಪ್ರವಾಸ ಬಂದಿದ್ದ 4 ವಿದ್ಯಾರ್ಥಿನಿಯರು ತೀರಿಕೊಂಡರು. ಕುಡಿದವರು ಯಾರೇ ಆಗಲಿ, ಮರಳ ಮೇಲೇ ಕೂರಲಿ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರದೆ ಹಗ್ಗ, ಖಾಲಿ ಕ್ಯಾನು ಏನು ಸಿಕ್ಕರೂ ಎಸೆಯಿರಿ, ದೋಣಿಯವರನ್ನು ಕೂಗಿ, 112ಕ್ಕೆ ಕರೆ ಮಾಡಿ. ಗುಡ್ಡದ ಮರೆಯಲ್ಲಿ ಸಿಗ್ನಲ್ ಕೈಕೊಡಬಹುದು, ಹೋಗುವಾಗಲೇ ದೋಣಿಯವರೊಬ್ಬರ ನಂಬರ್ ಇಸಿದುಕೊಂಡಿರಿ.

ಜೆಲ್ಲಿ ಮೀನು ತಾಗಿ ಉರಿ ಎದ್ದರೆ ಕಡಲ ನೀರಿನಲ್ಲೇ ತೊಳೆಯಿರಿ, ಉಜ್ಜಬೇಡಿ.

ಸಂಜೆ 5ರೊಳಗೆ ಕಾಲುದಾರಿ ಹಿಡಿಯಿರಿ. ಚಳಿಗಾಲದಲ್ಲಿ 6 ದಾಟುತ್ತಲೇ ಹೊತ್ತು ಮುಳುಗುತ್ತದೆ, ಗುಡ್ಡದಲ್ಲಿ ದೀಪವಿಲ್ಲ. ಸೂರ್ಯಾಸ್ತ ನೋಡಲೇಬೇಕೆಂದರೆ ಓಂ ಬೀಚಿಗೆ ಬಂದು ನೋಡಿ, ಮೆಟ್ಟಿಲು ಹತ್ತಿದರೆ ಆಟೊ ಸಿಗುತ್ತದೆ.